ಕೊಕ್ಕೆಗೊಂದು ಚೀಟಿ

ಬಂಗಾರಪೇಟೆಗೂ ಮಾರಿಕುಪ್ಪಂಗೂ ನಡುವಿನ ಕವಲು ರೈಲುಮಾರ್ಗದಲ್ಲಿ ಸಿಗುವ ಉರಿಗಾಂ ನಿಲ್ದಾಣದ ಹೆಸರನ್ನು ಹೇಗೆ ಬರೆಯಬೇಕು ಎಂದು ಕೇಳಿದರೆ ಒಂದೇ ಉತ್ತರ ಸಿಗುವುದಿಲ್ಲ. ಉರಿಗಾಂ ಎನ್ನುವವರಿದ್ದಾರೆ, ಊರಿಗಾಂ ಎಂದು ದೀರ್ಘ ಎಳೆಯುವವರಿದ್ದಾರೆ. ರೈಲ್ವೆಯ ಇಂಗ್ಲಿಷ್ ಕಾಗುಣಿತವನ್ನು ಇದ್ದಂತೆಯೇ ಓದಿದರೆ ಊರ್ಗಾಮ್. 1880ರ ದಶಕದಲ್ಲಿ ಇಲ್ಲಿ ಚಿನ್ನ ತೆಗೆಯಲು ಬಂದ ಬ್ರಿಟಿಷ್ ಕಂಪನಿ ತನ್ನನ್ನು ಕರೆದುಕೊಂಡದ್ದು ಊರೆಗಮ್ ಎಂದು. ಕವಲು ಶುರುವಾಗುವ ಬಂಗಾರಪೇಟೆಯೂ ಒಂದು ಕಾಲಕ್ಕೆ ಬೌರಿಂಗ್‌ಪೇಟೆ. ಹೆಸರು ಹೇಗಾದರೂ ಇರಲಿ, ಊರಿಗೆ ಅದರಿಂದ ನಷ್ಟವಿಲ್ಲ. ಟಿಕೆಟ್ ಕೊಂಡವನು ಇಳಿಯಬೇಕಾದಲ್ಲೇ ಇಳಿಯುತ್ತಾನೆ. ಏಕೆಂದರೆ ಊರು ಇದ್ದಲ್ಲೇ ಇರುತ್ತದೆ, ಕೈಜಾರಿ ಪಕ್ಕದ ಊರಿನೊಳಗೆ ಬೀಳುವುದಿಲ್ಲ. ಆ ಸೌಭಾಗ್ಯ ಉಗುರಿಗಿಂತ ಚಿಕ್ಕದಾದ ಉಕ್ಕಿನ ಕೊಕ್ಕೆಗಿಲ್ಲ. ಮೀನಿನ ಗಾಳದ ಕೊಕ್ಕೆಗೆ, ಅದರಲ್ಲೂ ಗರಿ, ನೂಲು, ತುಪ್ಪಳ ಸುತ್ತಿ ಹುಳುವಿನ ಸೋಗು ಹಾಕಿಸುವ ಫ್ಲೈ ಕೊಕ್ಕೆಗೆ, ಹೆಸರು ಕಳೆದುಹೋದರೆ ವಸ್ತುವೇ ಅರ್ಧ ಕಳೆದುಹೋದಂತೆ. ಕೊಕ್ಕೆಗಳನ್ನು ಜೋಡಿಸಿಡುವುದು ಹೇಗೆ ಎಂಬ ಪ್ರಶ್ನೆ ಬಂದಾಗಲೆಲ್ಲ ಮಾತು ಡಬ್ಬಿಯ ಕಡೆಗೇ ಹೊರಳುತ್ತದೆ: ಎಷ್ಟು ಖಾನೆ, ಯಾವ ಮುಚ್ಚಳ, ಎಂಥ ಪ್ಲಾಸ್ಟಿಕ್. ನನ್ನ ವಾದ ಇಷ್ಟು: ಇದು ಡಬ್ಬಿಯ ಪ್ರಶ್ನೆಯೇ ಅಲ್ಲ, ಚೀಟಿಯ ಪ್ರಶ್ನೆ. ಡಬ್ಬಿ ಯಾವುದಾದರೂ ಆದೀತು. ಕೊಕ್ಕೆಯೂ ಅದರ ಚೀಟಿಯೂ ಬೇರೆಬೇರೆ ಆಗುವ ದಾರಿಯನ್ನು ಮುಚ್ಚದ ಹೊರತು ಯಾವ ಡಬ್ಬಿಯೂ ಪ್ರಯೋಜನಕ್ಕೆ ಬಾರದು.

ಹೆಸರಿಗೂ ಒಳಗಿನ ಸರಕಿಗೂ ತಾಳೆಯಾಗದಿದ್ದರೆ ಏನಾಗುತ್ತದೆ ಎಂಬುದಕ್ಕೆ ಉರಿಗಾಂ ಈಗಾಗಲೇ ಲೋಕಕ್ಕೊಂದು ಪಾಠ ಕೊಟ್ಟಿದೆ. ಕಂಪನಿ ಕಾನೂನು ಓದಿದವರು 'ಊರೆಗಮ್ ಗೋಲ್ಡ್ ಮೈನಿಂಗ್ ಕಂಪನಿ ವಿರುದ್ಧ ರೋಪರ್' ಎಂಬ ಪ್ರಕರಣವನ್ನು ಓದಿಯೇ ಇರುತ್ತಾರೆ. 1892ರಲ್ಲಿ ಇಂಗ್ಲೆಂಡಿನ ಹೌಸ್ ಆಫ್ ಲಾರ್ಡ್ಸ್ ಅದನ್ನು ತೀರ್ಮಾನಿಸಿತು. ಕೈಯಲ್ಲಿ ದುಡ್ಡಿಲ್ಲದ ದಿನಗಳಲ್ಲಿ ಕಂಪನಿ ತಲಾ 1 ಪೌಂಡ್ ಮುಖಬೆಲೆಯ ಹೊಸ ಷೇರು ಹೊರಡಿಸಿತ್ತು. 20 ಶಿಲಿಂಗ್‌ನಲ್ಲಿ 15 ಸಂದಾಯವಾಗಿದೆ ಎಂದು ಪುಸ್ತಕದಲ್ಲಿ ಬರೆದುಕೊಂಡು, ಕೊಂಡವರಿಂದ 5 ಶಿಲಿಂಗ್ ಮಾತ್ರ ಕೇಳಿತ್ತು. ಇದರಲ್ಲಿ ಯಾರಿಗೂ ಮೋಸ ಮಾಡುವ ಉದ್ದೇಶವಿರಲಿಲ್ಲ. ಹಳೆಯ ಷೇರು ಆಗ ಪೇಟೆಯಲ್ಲಿ ಎರಡೂವರೆ ಶಿಲಿಂಗಿಗೆ ಸಿಗುತ್ತಿತ್ತು. ಆದರೂ ನ್ಯಾಯಮೂರ್ತಿಗಳು ಒಪ್ಪಲಿಲ್ಲ. ಮೇಲೆ 1 ಪೌಂಡ್ ಎಂದು ಬರೆದ ಮೇಲೆ ಒಳಗೆ 1 ಪೌಂಡ್ ಇರಲೇಬೇಕು. ಸದುದ್ದೇಶವಿತ್ತು ಎಂಬ ಸಬೂಬು ಚೀಟಿಯ ವಿಷಯದಲ್ಲಿ ನಡೆಯುವುದಿಲ್ಲ. ಕೊಕ್ಕೆ ಡಬ್ಬಿಯ ಮೇಲೆ '12' ಎಂದಷ್ಟೇ ಬರೆದು, ಮೂರು ಕಂಪನಿಗಳ ಮೂರು ಅಳತೆಯ ಕೊಕ್ಕೆಗಳನ್ನು ಒಟ್ಟಿಗೆ ಸುರಿದುಕೊಂಡವರು ಮಾಡಿರುವುದೂ ಇದೇ ಕೆಲಸ. ಸದುದ್ದೇಶ, ಸುಳ್ಳು ಚೀಟಿ.

ಯಾಕೆ ಸುಳ್ಳು ಎಂಬುದನ್ನು ತಿಳಿಯಲು ಒಂದು ಕೊಕ್ಕೆಯನ್ನು ಬೆಳಕಿಗೆ ಹಿಡಿದು ನೋಡಬೇಕು. ತಲೆಯಲ್ಲಿ ದಾರ ಕಟ್ಟುವ ಕಣ್ಣು. ಅದು ಮೇಲಕ್ಕೆ ಬಾಗಿರಬಹುದು, ಕೆಳಕ್ಕೆ ಬಾಗಿರಬಹುದು, ನೇರವಾಗಿಯೂ ಇರಬಹುದು. ಅಲ್ಲಿಂದ ಹೊರಟ ದಂಟಿನ ಮೇಲೆಯೇ ಗರಿ, ನೂಲು ಎಲ್ಲ ಸುತ್ತುವುದು. ದಂಟು ಮುಗಿದಲ್ಲಿ ಬಾಗು. ಬಾಗಿನ ಆಕಾರಕ್ಕೇ ಲಿಮರಿಕ್, ಸ್ಪ್ರೋಟ್, ಕಿರ್ಬಿ ಎಂದು ಹೆಸರುಗಳಿವೆ. ಬಾಗು ಮುಗಿದು ಮೇಲೇರಿದರೆ ಮೊನೆ, ಮೊನೆಯ ಹಿಂದೆ ಮೀನು ಕಳಚಿಕೊಳ್ಳದಂತೆ ತಡೆಯುವ ಎದುರುಮುಳ್ಳು, ಮೊನೆಗೂ ದಂಟಿಗೂ ನಡುವಿನ ಬಾಯಿ. ಇಷ್ಟೂ ಸೇರಿ ಒಂದು ಸೆಂಟಿಮೀಟರ್ ಆದರೆ ಹೆಚ್ಚು. ತಂತಿ ಎಷ್ಟು ದಪ್ಪ, ದಂಟು ಎಷ್ಟು ಉದ್ದ, ಬಾಯಿ ಎಷ್ಟು ಅಗಲ, ಇವೆಲ್ಲವೂ ಒಂದಕ್ಕೊಂದು ಅಂಟಿಕೊಳ್ಳದೆ ಬದಲಾಗಬಲ್ಲವು. ಇಷ್ಟೊಂದು ಸಂಗತಿಯನ್ನು '12' ಎಂಬ ಒಂದೇ ಅಂಕೆಯ ಹೆಗಲ ಮೇಲೆ ಹೇರಿ ಕೂತಿದ್ದೇವೆ. ಆ ಅಂಕೆಯೋ, ಗಾತ್ರದ ಅಳತೆ ಅಲ್ಲವೇ ಅಲ್ಲ. ಅಂಕೆ ಏರಿದಂತೆ ಕೊಕ್ಕೆ ಚಿಕ್ಕದಾಗುತ್ತದೆ: 8ಕ್ಕಿಂತ 12 ಚಿಕ್ಕದು, 12ಕ್ಕಿಂತ 20 ಚಿಕ್ಕದು. 1ರಿಂದ ಆಚೆಗೆ 1/0, 2/0 ಎಂದು ಶುರುವಾದರೆ ಮತ್ತೆ ಅಂಕೆ ಏರಿದಂತೆ ದೊಡ್ಡದಾಗುತ್ತದೆ. ಇದನ್ನು ಕೇಳಿ ನಗುವವರು ತಂತಿಯ ಗೇಜು ನೆನೆಯಲಿ; 20ನೇ ಗೇಜಿನ ತಂತಿ 8ನೇ ಗೇಜಿಗಿಂತ ತೆಳು ಎಂಬುದು ಕೋಲಾರ ಚಿನ್ನದ ಗಣಿ ಪ್ರದೇಶವಾದ ಕೆಜಿಎಫ್‌ನ ಯಾವ ಫಿಟ್ಟರಿಗೂ ಗೊತ್ತು. ಕೈಹೊಲಿಗೆಯ ಸೂಜಿಯೂ ಹಾಗೆಯೇ, ನಂಬರು ಹೆಚ್ಚಿದಷ್ಟೂ ಸಣ್ಣ. ಸೂಜಿಯನ್ನೂ ಗಾಳದ ಕೊಕ್ಕೆಯನ್ನೂ ಮಾಡುತ್ತಿದ್ದುದು ಇಂಗ್ಲೆಂಡಿನ ಒಂದೇ ಊರು, ರೆಡಿಚ್. ಹಾಗಾಗಿ ಒಂದರ ಜಾಯಮಾನ ಇನ್ನೊಂದಕ್ಕೂ ಬಂದಿದ್ದರೆ ಆಶ್ಚರ್ಯವೇನಿಲ್ಲ.

ತಲೆಕೆಳಗಾದ ಎಣಿಕೆಗೆ ಒಗ್ಗಿಕೊಳ್ಳಬಹುದು. ಕಷ್ಟವಿರುವುದು ಬೇರೆಡೆ: ತಂತಿಯ ಗೇಜಿಗೆ ಪ್ರಮಾಣಿತ ಪಟ್ಟಿಗಳಿವೆ, ಕೊಕ್ಕೆಯ ನಂಬರಿಗೆ ಅವಿಲ್ಲ. ನಾರ್ವೆಯ ಮುಸ್ತಾದ್ ಕಂಪನಿಯ 12ಕ್ಕೂ ಜಪಾನಿನ ಟೀಮ್ಕೋದ 12ಕ್ಕೂ ಬಾಯಿಯ ಅಗಲ ಒಂದೇ ಆಗಬೇಕೆಂದೇನೂ ಇಲ್ಲ. ಒಂದೇ ಕಂಪನಿಯಲ್ಲೂ ಮಾದರಿ ಬದಲಾದರೆ ಕೊಕ್ಕೆ ಬದಲಾಗುತ್ತದೆ. ಮುಸ್ತಾದ್‌ನ 94840 ಎಂಬುದು ನೀರ ಮೇಲೆ ತೇಲುವ ಫ್ಲೈಗೆಂದು ಸಣ್ಣ ತಂತಿಯಲ್ಲಿ ಮಾಡಿದ್ದು. 9671 ಎಂಬುದು ಮುಳುಗುವ ಫ್ಲೈಗೆಂದು ದಂಟು ಉದ್ದ ಬಿಟ್ಟದ್ದು. ಎರಡರಲ್ಲೂ 12 ಇದೆ. ಉದ್ದ ದಂಟಿನ ಲೆಕ್ಕವೂ ಸೋಜಿಗದ್ದೇ: '2 ಎಕ್ಸ್ ಲಾಂಗ್' ಎಂದರೆ ಇಷ್ಟು ಮಿಲಿಮೀಟರ್ ಎಂದಲ್ಲ, ಎರಡು ಅಂಕೆ ದೊಡ್ಡದಾದ ಕೊಕ್ಕೆಗೆ ಇರುವಷ್ಟು ದಂಟು ಎಂದರ್ಥ. ಅಂದರೆ ಒಂದು ಅಳತೆಯನ್ನು ತಿಳಿಯಲು ಇನ್ನೊಂದು ಕೊಕ್ಕೆ ಗೊತ್ತಿರಬೇಕು; ಆ ಇನ್ನೊಂದಕ್ಕೂ ಗಟ್ಟಿಯಾದ ಅಳತೆಯಿಲ್ಲ. ಸಾಲದೆಂಬಂತೆ ಅದೇ 94840 ಮುಂದೆ ಆರ್50 ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ಬಂತು. ಬೌರಿಂಗ್‌ಪೇಟೆ ಬಂಗಾರಪೇಟೆ ಆದಂತೆ. ಇದರಿಂದ ಹೊರಡುವ ತೀರ್ಮಾನ ಸರಳ: ಚೀಟಿಯಲ್ಲಿ ಅಂಕೆಯೊಂದೇ ಇದ್ದರೆ ಏನೂ ಬರೆದಂತಾಗಲಿಲ್ಲ. ಕಂಪನಿ, ಮಾದರಿ, ಅಂಕೆ ಮೂರೂ ಇದ್ದರೆ ಮಾತ್ರ ಅದು ಹೆಸರು.

ನಮ್ಮ ಅಡುಗೆಮನೆಯಲ್ಲಿ ಸಾಂಬಾರ ಡಬ್ಬಿ ಇಲ್ಲವೇ, ಅದಕ್ಕೆ ಯಾರು ಚೀಟಿ ಅಂಟಿಸುತ್ತಾರೆ, ಏಳು ಬಟ್ಟಲು ಏಳು ಪದಾರ್ಥ, ಕಣ್ಣು ಮುಚ್ಚಿಕೊಂಡು ಕೈಹಾಕುವುದಿಲ್ಲವೇ ಎಂದು ಕೇಳಬಹುದು. ಒಳ್ಳೆಯ ಆಕ್ಷೇಪ. ಬಹಳ ಜನ ಕೊಕ್ಕೆಗಳನ್ನು ಇಡುವುದೂ ಇದೇ ನಂಬಿಕೆಯ ಮೇಲೆ. ಆದರೆ ಸಾಸಿವೆ ತಾನೇ ತನ್ನ ಚೀಟಿ. ಅದರ ಬಣ್ಣ, ದುಂಡಗಿನ ರೂಪ, ಎಣ್ಣೆಯಲ್ಲಿ ಸಿಡಿಯುವ ಸದ್ದು ಅದನ್ನು ಜೀರಿಗೆಯಿಂದ ಬೇರೆ ಮಾಡುತ್ತವೆ. ಕೈತಪ್ಪಿ ಎರಡೂ ಬೆರೆತರೂ ಕೂತು ಆರಿಸಬಹುದು. ಕೊಕ್ಕೆಯ ಪರಿಸ್ಥಿತಿ ಸಾಸಿವೆಯದಲ್ಲ, ಬಂಗಾರಪೇಟೆಯ ಪಾನಿಪುರಿಯ ನೀರಿನದು. ಆ ನೀರನ್ನು ನೋಡಿದರೆ ನಲ್ಲಿಯಿಂದ ಆಗ ತಾನೇ ಹಿಡಿದದ್ದೇನೋ ಎನ್ನುವಷ್ಟು ತಿಳಿ; ಖಾರ ಗೊತ್ತಾಗುವುದು ಬಾಯಿಗಿಟ್ಟ ಮೇಲೆ. ಸಣ್ಣ ತಂತಿಯ ಕೊಕ್ಕೆಗೂ ದಪ್ಪ ತಂತಿಯ ಕೊಕ್ಕೆಗೂ ಇರುವ ವ್ಯತ್ಯಾಸ ಕೂದಲೆಳೆಯಷ್ಟು. ಅದು ಕಣ್ಣಿಗೆ ಕಾಣುವುದಿಲ್ಲ, ಕಟ್ಟುವಾಗಲೂ ಗೊತ್ತಾಗುವುದಿಲ್ಲ. ತೇಲಬೇಕಾದದ್ದು ಮುಳುಗಿದಾಗ, ಇಲ್ಲವೇ ದೊಡ್ಡ ಮೀನು ಎಳೆದ ರಭಸಕ್ಕೆ ಬಾಗು ನೆಟ್ಟಗಾದಾಗ ತಿಳಿಯುತ್ತದೆ. ಆ ಹೊತ್ತಿಗೆ ಒಂದು ಗಂಟೆ ಕೂತು ಕಟ್ಟಿದ ಕೆಲಸ ಹೋಗಿರುತ್ತದೆ, ಮೀನೂ ಹೋಗಿರುತ್ತದೆ.

ನೋಡಿದರೆ ಒಂದೇ ಥರ ಕಾಣುವ, ಆದರೆ ಬೆಲೆಯಲ್ಲಿ ಅಜಗಜಾಂತರವಿರುವ ವಸ್ತುಗಳನ್ನು ಇಡುವುದು ಹೇಗೆ ಎಂಬುದನ್ನು ಅಡುಗೆಮನೆಯಿಂದ ಕಲಿಯುವುದಕ್ಕಿಂತ ಗಣಿಯಿಂದ ಕಲಿಯುವುದು ಮೇಲು. ಭೂಮಿಯೊಳಗೆ ಎಲ್ಲಿ ಎಷ್ಟು ಚಿನ್ನವಿದೆ ಎಂದು ತಿಳಿಯಲು ವಜ್ರದ ಹಲ್ಲಿನ ಕೊರಕದಿಂದ ಕೊರೆದು ಕಲ್ಲಿನ ಉದ್ದನೆಯ ಕಂಬಿಯನ್ನು ಹೊರತೆಗೆಯುತ್ತಾರೆ. ಅದಕ್ಕೆ ಕೋರ್ ಎಂದು ಹೆಸರು. ಅದು ಬರುವುದು ತುಂಡುತುಂಡಾಗಿ. ಆ ತುಂಡುಗಳನ್ನು ಉದ್ದುದ್ದ ಸಾಲುಗಳಿರುವ ಟ್ರೇಯಲ್ಲಿ, ಪುಸ್ತಕದ ಸಾಲು ಓದಿದಂತೆ ಎಡದಿಂದ ಬಲಕ್ಕೆ, ಬಂದ ಕ್ರಮದಲ್ಲೇ ಜೋಡಿಸುತ್ತಾರೆ. ಪ್ರತಿ ಸಲ ಕೊರಕ ಮೇಲೆ ಬಂದಾಗ ಅಲ್ಲಿಗೆ ಎಷ್ಟು ಆಳವಾಯಿತು ಎಂದು ಬರೆದ ಮರದ ತುಂಡೊಂದನ್ನು ಸಾಲಿನಲ್ಲೇ, ಕಲ್ಲಿನ ಪಕ್ಕದಲ್ಲೇ ಇಡುತ್ತಾರೆ. ಟ್ರೇಯ ತುದಿಯಲ್ಲಿ ರಂಧ್ರದ ಸಂಖ್ಯೆ, ಎಲ್ಲಿಂದ ಎಲ್ಲಿಯವರೆಗಿನ ಆಳ ಎಂಬ ಬರಹ. ಯಾರೋ ಎಡವಿ ಆ ಟ್ರೇ ಮಗುಚಿತೆನ್ನಿ. ಕಲ್ಲಿಗೆ ಏನೂ ಆಗಿರುವುದಿಲ್ಲ, ಒಂದು ಗ್ರಾಂ ಚಿನ್ನವೂ ಕಡಿಮೆಯಾಗಿರುವುದಿಲ್ಲ. ಆದರೂ ಅಷ್ಟು ದುಡ್ಡು ಸುರಿದು ಕೊರೆದದ್ದೆಲ್ಲ ವ್ಯರ್ಥ. ಈ ತುಂಡಿನಲ್ಲಿ ಟನ್ನಿಗೆ ಇಷ್ಟು ಗ್ರಾಂ ಎಂದು ಪ್ರಯೋಗಶಾಲೆ ಹೇಳಬಲ್ಲದು. ಎಷ್ಟು ಆಳದಲ್ಲಿ ಎಂದು ಹೇಳಲಾರದು. ಕೆಜಿಎಫ್‌ನ ಚಾಂಪಿಯನ್ ರೀಫ್ ಗಣಿ ಭೂಮಿಯೊಳಕ್ಕೆ 3 ಕಿಲೋಮೀಟರಿಗೂ ಮಿಕ್ಕಿ ಇಳಿದಿತ್ತು. ಅಂಥ ಆಳದಲ್ಲಿ 'ಎಲ್ಲೋ ಒಂದು ಕಡೆ ಚಿನ್ನವಿದೆ' ಎಂಬ ಮಾತಿಗೆ ಮೂರು ಕಾಸಿನ ಬೆಲೆಯಿಲ್ಲ.

ಕೊಕ್ಕೆ ಇಡುವವರು ಈ ಟ್ರೇಯಿಂದ ಕಲಿಯಬೇಕಾದ ಒಂದು ಸೂಕ್ಷ್ಮವಿದೆ. ಆಳದ ಅಂಕೆ ಇರುವುದು ಮುಚ್ಚಳದ ಮೇಲಲ್ಲ, ದೂರದ ಕಚೇರಿಯ ರಿಜಿಸ್ಟರಿನಲ್ಲಿ ಮಾತ್ರವೂ ಅಲ್ಲ; ಕಲ್ಲಿಗೆ ತಾಗಿಕೊಂಡೇ ಇದೆ. ಕೊಕ್ಕೆ ಡಬ್ಬಿಗಳಲ್ಲಿ ಎಲ್ಲರೂ ಮಾಡುವ ತಪ್ಪು ಇದನ್ನು ಮರೆಯುವುದೇ. ಖಾನೆಖಾನೆಯ ಪ್ಲಾಸ್ಟಿಕ್ ಪೆಟ್ಟಿಗೆ ತಂದು, ಮುಚ್ಚಳದ ಮೇಲೆ ಅಂದವಾಗಿ ನಂಬರು ಅಂಟಿಸುತ್ತಾರೆ. ಒಂದೇ ಅಂಗಡಿಯ ಎರಡು ಪೆಟ್ಟಿಗೆಗಳ ಮುಚ್ಚಳ ಅದಲುಬದಲಾಗಲು ಒಂದು ಸಂಜೆ ಸಾಕು. ಮುಚ್ಚಳವನ್ನು ಹಿಂದುಮುಂದಾಗಿ ಹಾಕಿದರೆ ಎಡಗಡೆಯ 8 ಬಲಗಡೆಯ 20 ಆಗುತ್ತದೆ. ಅಂಟು ಒಣಗಿ ಚೀಟಿ ಉದುರುವುದು ಬೇರೆ. ಅದಕ್ಕಿಂತ ಕೊಕ್ಕೆ ಬಂದ ಪೊಟ್ಟಣದ ಮುಂಭಾಗವನ್ನೇ ಕತ್ತರಿಸಿ, ಅಕ್ಷರ ಮೇಲೆ ಕಾಣುವಂತೆ ಖಾನೆಯ ತಳಕ್ಕೆ ಹಾಕಿ, ಅದರ ಮೇಲೆ ಕೊಕ್ಕೆ ಸುರಿದರೆ ಕೆಲಸ ಮುಗಿಯಿತು. ಕೈಬರಹದ ತಪ್ಪಿಲ್ಲ, ಅಂಟಿನ ಹಂಗಿಲ್ಲ, ಮುಚ್ಚಳ ಎಲ್ಲಿ ಬೇಕಾದರೂ ಹೋಗಲಿ. ಇನ್ನೂ ಒಳ್ಳೆಯದು ಸುರಿಯದೇ ಇರುವುದು: ಪೊಟ್ಟಣವನ್ನು ಪೊಟ್ಟಣವಾಗಿಯೇ ಉಳಿಸಿ, ಗ್ರಂಥಾಲಯದ ಕಾರ್ಡುಗಳಂತೆ ಚಪ್ಪಟೆ ಡಬ್ಬಿಯಲ್ಲಿ ನಿಲ್ಲಿಸುವುದು. ಅಂದ ಕಡಿಮೆ, ಒಪ್ಪುತ್ತೇನೆ. ಆದರೆ ಖಾನೆ ಪೆಟ್ಟಿಗೆಯ ಗೋಡೆಗೂ ಮುಚ್ಚಳಕ್ಕೂ ನಡುವೆ ಒಂದು ಕೂದಲು ತೂರುವಷ್ಟು ಜಾಗ ಇದ್ದೇ ಇರುತ್ತದೆ. 20ನೇ ನಂಬರಿನ ಕೊಕ್ಕೆಗೆ ಅಷ್ಟು ಸಾಕು. ಪೆಟ್ಟಿಗೆಯನ್ನು ಚೀಲದಲ್ಲಿ ಅಡ್ಡ ಹಾಕಿ ಉರಿಗಾಂನಿಂದ ಬೇತಮಂಗಲಕ್ಕೆ ಹೋಗಿ ಬರುವಷ್ಟರಲ್ಲಿ ಅದು ನೆರೆಮನೆಗೆ ಗುಳೆ ಹೋಗಿರುತ್ತದೆ.

ಇಷ್ಟಕ್ಕೂ ಕೋಲಾರದ ಬಯಲುಸೀಮೆಗೆ ಫ್ಲೈ ಏಕೆ, ಕೆರೆಯ ಮೀನಿಗೆ ಎರೆಹುಳು ಸಾಲದೇ ಎಂಬ ಆಕ್ಷೇಪವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಗರಿ ಕಟ್ಟಿ ಮೀನು ಹಿಡಿಯುವುದು ತಣ್ಣೀರಿನ ಟ್ರೌಟ್ ಮೀನಿನ ಸುತ್ತ ಬೆಳೆದ ಇಂಗ್ಲಿಷರ ಕಲೆ ಎಂಬ ಮಾತಿನಲ್ಲಿ ಹುರುಳಿದೆ. ಆದರೆ ಅದರ ಭಾರತೀಯ ಚರಿತ್ರೆಯ ಒಂದು ಮುಖ್ಯ ಪುಟ ಕನ್ನಡ ನೆಲದಲ್ಲೇ ಅಚ್ಚಾಯಿತು. ದಕ್ಷಿಣ ಕನ್ನಡದ ಕಲೆಕ್ಟರ್ ಆಗಿದ್ದ ಹೆನ್ರಿ ಸಲಿವನ್ ಥಾಮಸ್ ಬರೆದ 'ದಿ ರಾಡ್ ಇನ್ ಇಂಡಿಯಾ' 1873ರಲ್ಲಿ ಮಂಗಳೂರಿನಿಂದ ಹೊರಬಂತು. ಮೀನುಗಾರಿಕೆಯ ಮೋಜಷ್ಟೇ ಅಲ್ಲ, ಮೀನಿನ ಸಂತತಿ ಉಳಿಸುವ ಚಿಂತೆಯೂ ಅವರದಾಗಿತ್ತು. ಅದೇ ಥಾಮಸ್ 1887ರಲ್ಲಿ 'ಟ್ಯಾಂಕ್ ಆ್ಯಂಗ್ಲಿಂಗ್ ಇನ್ ಇಂಡಿಯಾ' ಎಂಬ ಇನ್ನೊಂದು ಪುಸ್ತಕವನ್ನು ಬರೆದರು. ಹೊಳೆಯಲ್ಲ, ಕೆರೆ; ಕೆರೆಗಳ ಜಿಲ್ಲೆಯಾದ ಕೋಲಾರಕ್ಕೆ ಇದಕ್ಕಿಂತ ಹತ್ತಿರದ ವಿಷಯ ಯಾವುದಿದೆ? ಇತ್ತ ಕಾವೇರಿಯಲ್ಲಿ ಮಹಶೀರ್ ಮೀನಿಗೆ ಗಾಳ ಹಾಕುವ ಪರಂಪರೆ ಬೇರೆಯೇ ಬೆಳೆಯಿತು. ಮೈಸೂರಿನ ವ್ಯಾನ್ ಇಂಗೆನ್ ಮನೆತನದವರೊಬ್ಬರು 1946ರಲ್ಲಿ ಹಿಡಿದ 120 ಪೌಂಡಿನ ಮಹಶೀರ್ ಇಂದಿಗೂ ಮಾತಿಗೆ ಬರುತ್ತದೆ. 1972ರಲ್ಲಿ ಬೆಂಗಳೂರಿನಲ್ಲಿ ಶುರುವಾದ ವೈಲ್ಡ್‌ಲೈಫ್ ಅಸೋಸಿಯೇಷನ್ ಆಫ್ ಸೌತ್ ಇಂಡಿಯಾ ನದಿಯ ಕೆಲವು ಪಾತ್ರಗಳನ್ನು ಗುತ್ತಿಗೆ ಹಿಡಿದು, ಹಿಡಿದ ಮೀನನ್ನು ಮರಳಿ ಬಿಡುವ ಪದ್ಧತಿ ನಡೆಸಿತು. ಕಾವೇರಿಯ ಆ ಡುಬ್ಬದ ಮಹಶೀರ್ ಈಗ ಅಳಿವಿನ ತೀರಾ ಅಂಚಿನಲ್ಲಿರುವ ಜೀವಿಗಳ ಪಟ್ಟಿಯಲ್ಲಿದೆ. ಅದಕ್ಕೆ ಟೋರ್ ರೆಮದೇವಿ ಎಂಬ ವೈಜ್ಞಾನಿಕ ಹೆಸರು ಖಚಿತವಾದದ್ದು 2018ರಲ್ಲಷ್ಟೇ. ನೂರೈವತ್ತು ವರ್ಷ ಬೆನ್ನುಹತ್ತಿದ ಮೀನಿಗೂ ಸರಿಯಾದ ಚೀಟಿ ಅಷ್ಟು ತಡವಾಗಿ ಸಿಕ್ಕಿತು.

ಕೋಲಾರದ ಕೆರೆಗಳ ಮಟ್ಟಿಗೆ ಜಿಲೇಬಿ ಮೀನೊಂದೇ ಸಾಕು ಫ್ಲೈ ಕೊಕ್ಕೆಯನ್ನು ಸಮರ್ಥಿಸಲು. ಸಣ್ಣ ಹುಳುವಿನಂತೆ ಕಟ್ಟಿದ, ಮುಳುಗುವ ಫ್ಲೈಗೆ ಅದು ಬಾಯಿ ಹಾಕುತ್ತದೆ. 2018ರಲ್ಲಿ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಸಂಸ್ಕರಿಸಿದ ನೀರು ಲಕ್ಷ್ಮೀಸಾಗರ ಕೆರೆಗೆ ಹರಿದು, ಅಲ್ಲಿಂದ ಒಂದೊಂದಾಗಿ ಬೇರೆ ಕೆರೆಗಳಿಗೂ ತಲುಪಿದ ಮೇಲೆ, ಆ ನೀರು ಸರಿಯೋ ತಪ್ಪೋ ಎಂಬ ಜಗಳ ಇನ್ನೂ ಬಿಸಿಯಾಗಿಯೇ ಇದ್ದರೂ, ಗಾಳಕ್ಕೆ ಕೆಲಸವಂತೂ ಇದೆ. ಗಾಳ ಎನ್ನುವುದು ಕನ್ನಡದ ಮಾತು. ತೆಲುಗಿನವರಿಗೆ ಅದು ಗಾಲಂ, ತಮಿಳರಿಗೆ ತೂಂಡಿಲ್. ಮೂರೂ ಮಾತು ಒಂದೇ ಬೀದಿಯಲ್ಲಿ ಕೇಳಿಬರುವ ಊರಿನಲ್ಲಿ ಯಾವ ಹೆಸರಿಟ್ಟರೂ ನಡೆಯುತ್ತದೆ. ಕೊಕ್ಕೆ ಮಾಡುವ ಕಂಪನಿಗಳಿಗೆ ಹೀಗೆ ಒಂದೇ ಬೀದಿಯಲ್ಲಿ ಬಾಳಿ ಅಭ್ಯಾಸವಿಲ್ಲ. ಗರಿಯ ವಿಷಯದಲ್ಲಿ ಒಂದು ಎಚ್ಚರ: ದಕ್ಷಿಣ ಭಾರತದ ಬೂದುಬಣ್ಣದ ಕಾಡುಕೋಳಿಯ ಕತ್ತಿನ, ಮೇಣದ ಚುಕ್ಕೆ ಇಟ್ಟಂಥ ಗರಿಗೆ ಯುರೋಪಿನ ಸಾಲ್ಮನ್ ಫ್ಲೈ ಕಟ್ಟುವವರು ಒಂದು ಕಾಲದಲ್ಲಿ ಮುಗಿಬೀಳುತ್ತಿದ್ದರು. 1972ರ ವನ್ಯಜೀವಿ ಕಾಯ್ದೆ ಇರುವಾಗ ಆ ಹಕ್ಕಿಗೆ ಕೈಹಚ್ಚುವಂತಿಲ್ಲ. ನಾಟಿಕೋಳಿಯ ಗರಿಗೆ ಬರವೇನೂ ಇಲ್ಲ.

ಚೀಟಿ ಸರಿಯಿದ್ದರೂ ಉಕ್ಕು ಉಳಿಯಬೇಕಲ್ಲ. ಇಲ್ಲಿ ಸ್ಥಳದ ಮಾತು ಬರುತ್ತದೆ. ಡಬ್ಬಿ ಮಾರುವವರು ಹೇಳುವ ಸಲಹೆ ಎಲ್ಲ ಊರಿಗೂ ಒಂದೇ. ಹವೆ ಒಂದೇ ಅಲ್ಲ. ಥಾಮಸ್ ಅವರ ಮಂಗಳೂರಿನಲ್ಲಿ ವರ್ಷಕ್ಕೆ 3,500 ಮಿಲಿಮೀಟರಿನ ಆಸುಪಾಸು ಮಳೆ, ಮೇಲೆ ಉಪ್ಪಿನ ಗಾಳಿ. ಕೋಲಾರ ಜಿಲ್ಲೆಗೆ ಅದರ ಕಾಲುಭಾಗ ಬಂದರೆ ಪುಣ್ಯ. ಕೊಕ್ಕೆ ಎಂದರೆ ಇಂಗಾಲ ಹೆಚ್ಚಿರುವ ಉಕ್ಕಿನ ತಂತಿ. ಬಾಗಿಸಿ, ಕಾಯಿಸಿ, ಹದಮಾಡಿ, ಮೇಲೊಂದು ತೆಳುವಾದ ಲೇಪ ಬಳಿದಿರುತ್ತಾರೆ. ಲೇಪ ಗೀರಿದಲ್ಲಿ, ವಿಶೇಷವಾಗಿ ಕಣ್ಣು ಮುಚ್ಚುವ ಸಂದಿಯಲ್ಲಿ ಮತ್ತು ಎದುರುಮುಳ್ಳಿನ ಬುಡದಲ್ಲಿ, ತುಕ್ಕು ಶುರು. ಗಾಳಿಯ ತೇವ ಶೇ 60 ದಾಟಿದರೆ ಅದರ ವೇಗ ಹೆಚ್ಚುತ್ತದೆ. ಹಾಗಾಗಿ ಕರಾವಳಿಯವರಿಗೆ ಬಿಗಿ ಮುಚ್ಚಳವೂ ಒಳಗೆ ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣವೂ ಬೇಕೇಬೇಕು. ಉರಿಗಾಂನಲ್ಲಿ ಅಷ್ಟು ಭಯವಿಲ್ಲ. ಇಲ್ಲಿಯ ಶತ್ರು ಬೇರೆ. ಆಷಾಢದ ಗಾಳಿ ಎದ್ದರೆ ಸಯನೈಡ್ ದಿಬ್ಬಗಳ ಹಿಟ್ಟಿನಂಥ ಮಣ್ಣು ಊರೊಳಕ್ಕೆ ಬರುತ್ತದೆ, ಕಿಟಕಿ ಮುಚ್ಚಿದ್ದರೂ ಬರುತ್ತದೆ. ಒಂದು ಶತಮಾನ ಕಾಲ ಅರೆದರೆದು ಚಿನ್ನ ಹಿಂಡಿ ಬಿಟ್ಟ ಕಲ್ಲಿನ ಹುಡಿ ಅದು. ಅಂಥ ಹುಡಿ ಕೊಕ್ಕೆಯ ಮೇಲೆ ಕೂತು, ಬೆರಳಿನ ಬೆವರಿನ ಉಪ್ಪು ಅದಕ್ಕೆ ಸೇರಿದರೆ, ಒಣಹವೆಯಲ್ಲೂ ತೇವ ಹಿಡಿದುಕೊಳ್ಳುತ್ತದೆ. ಆದ್ದರಿಂದ ಇಲ್ಲಿಯೂ ಮುಚ್ಚಳ ಬೇಕು. ಕಾರಣ ಮಾತ್ರ ಮಂಗಳೂರಿನದ್ದಲ್ಲ.

ತುಕ್ಕಿನ ಬಗ್ಗೆ ಹೇಳುವಾಗ ಇನ್ನೊಂದು ಸಂಗತಿ. ಹೆಚ್ಚಿನ ಕೊಕ್ಕೆಗಳು ಹಾಳಾಗುವುದು ಹವೆಯಿಂದಲ್ಲ, ಒಂದು ಸಂಜೆಯ ಸೋಮಾರಿತನದಿಂದ. ಕೆರೆಯಲ್ಲಿ ನೆನೆದ ಫ್ಲೈಯನ್ನು ಒಣಗಿಸದೆ ಹಾಗೇ ಡಬ್ಬಿಗೆ ಹಾಕಿದರೆ ಗರಿಯಲ್ಲಿದ್ದ ನೀರು ಅಕ್ಕಪಕ್ಕದ ಹತ್ತು ಕೊಕ್ಕೆಗೆ ಹಬ್ಬುತ್ತದೆ. ಹಿಂದೆ ಚರ್ಮದ ಪುಸ್ತಕದೊಳಗೆ ಉಣ್ಣೆಬಟ್ಟೆಯ ಹಾಳೆಗಳನ್ನು ಹೊಲಿದು ಫ್ಲೈ ಚುಚ್ಚಿಡುವ ರೂಢಿಯಿತ್ತು. ಕಿಸೆಯಲ್ಲಿ ಹಿತವಾಗಿ ಕೂರುತ್ತಿದ್ದ ಆ ಪುಸ್ತಕದ ಉಣ್ಣೆ ಒಮ್ಮೆ ನೆನೆದರೆ ಬೇಗ ಒಣಗುತ್ತಿರಲಿಲ್ಲ. ಲೋಹದ ಡಬ್ಬಿಗಳು ಬಂದು ಅದನ್ನು ಮೂಲೆಗೆ ತಳ್ಳಿದವು. ಕಟ್ಟಿದ ಫ್ಲೈಗೊಂದು ಡಬ್ಬಿ, ಕಟ್ಟದ ಕೊಕ್ಕೆಗೊಂದು ಡಬ್ಬಿ, ಎರಡರ ನಡುವೆ ನೆಂಟಸ್ತಿಕೆ ಬೇಡ ಎಂಬುದಷ್ಟೇ ಇಲ್ಲಿಯ ನಿಯಮ.

ಆಯಸ್ಕಾಂತದ ಪಕ್ಷದವರೂ ಇದ್ದಾರೆ. ಡಬ್ಬಿಯ ತಳಕ್ಕೆ ಆಯಸ್ಕಾಂತದ ಹಾಳೆ ಅಂಟಿಸಿದರೆ ಕೊಕ್ಕೆ ಚೆಲ್ಲುವುದಿಲ್ಲ, ಖಾನೆ ಬಿಟ್ಟು ಹೋಗುವುದಿಲ್ಲ, ಇಷ್ಟೆಲ್ಲ ಚೀಟಿಯ ಗಲಾಟೆ ಏಕೆ ಎಂದು ಅವರ ವಾದ. ಕಟ್ಟುವ ಮೇಜಿನ ಮೇಲೆ, ಅರ್ಧ ಗಂಟೆಯ ಮಟ್ಟಿಗೆ, ಇದನ್ನು ಮೀರಿಸುವ ಉಪಾಯವಿಲ್ಲ. ಕೈಜಾರಿದ ಕೊಕ್ಕೆ ಚಾಪೆಯೊಳಗೆ ಸೇರಿ ಮಗುವಿನ ಕಾಲಿಗೆ ಚುಚ್ಚುವುದಕ್ಕಿಂತ ಇದು ಸಾವಿರ ಪಾಲು ಮೇಲು. ಆದರೆ ತಿಂಗಳುಗಟ್ಟಲೆ ಆಯಸ್ಕಾಂತದ ಮೇಲೆ ಬಿದ್ದ ಉಕ್ಕು ತಾನೂ ಸಣ್ಣ ಆಯಸ್ಕಾಂತವಾಗುತ್ತದೆ. ಆಮೇಲೆ ಒಂದನ್ನು ಎತ್ತಲು ಹೋದರೆ ಜೇನುಹುಳುಗಳಂತೆ ಹತ್ತು ಜೋತುಬೀಳುತ್ತವೆ, ಬಿಡಿಸುವಾಗ ಮೊನೆಗೆ ಮೊನೆ ಉಜ್ಜುತ್ತದೆ. ಅಲ್ಲದೆ ಆಯಸ್ಕಾಂತ ಕೊಕ್ಕೆಯನ್ನು ಹಿಡಿದಿಡುತ್ತದೆಯೇ ಹೊರತು ಅದು ಯಾವ ಕೊಕ್ಕೆ ಎಂದು ನೆನಪಿಡುವುದಿಲ್ಲ. ನಾನು ಕೇಳುತ್ತಿರುವುದು ಎರಡನೆಯದನ್ನು.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ, ಇಷ್ಟು ಬಗೆಯ ಕೊಕ್ಕೆ ಇಟ್ಟುಕೊಳ್ಳುವುದೇ ದುಂದು ಎಂಬುದು. ಮೂರು ಮಾದರಿ, ಮೂರು ಅಳತೆ ಇಟ್ಟುಕೊಂಡು ಅವನ್ನೇ ಮುಗಿಸಿ ಮತ್ತೆ ಕೊಂಡರೆ ಚೀಟಿಯೂ ಬೇಡ ಡಬ್ಬಿಯೂ ಬೇಡ. ಈ ಮಾತನ್ನು ನಾನು ಮುಕ್ಕಾಲುಪಾಲು ಒಪ್ಪುತ್ತೇನೆ. ಕೊಕ್ಕೆ ಕೊಳ್ಳುವುದು ಸೀರೆ ಕೊಂಡಂತೆ, ಅಂಗಡಿಗೆ ಹೋದರೆ ಒಂದಕ್ಕೆ ನಿಲ್ಲುವುದಿಲ್ಲ. ಪೊಟ್ಟಣವೊಂದರಲ್ಲಿ 25 ಇಲ್ಲವೇ 100 ಬರುವುದರಿಂದ ನಾಲ್ಕೈದು ಸಲ ಹೋದರೆ ಜೀವಮಾನಕ್ಕಾಗುವಷ್ಟು ಸೇರುತ್ತದೆ. ಆದರೆ ಕಡಿಮೆ ಇಟ್ಟುಕೊಳ್ಳಬೇಕಾದರೂ ಈಗ ಇರುವುದು ಏನೆಂದು ಗೊತ್ತಿರಬೇಕು. ಕಾರ್ಖಾನೆಗಳ ಸ್ಟೋರಿನಲ್ಲಿ ಪ್ರತಿ ಖಾನೆಗೂ ಬಿನ್ ಕಾರ್ಡ್ ನೇತುಹಾಕುವುದು ಇದಕ್ಕೇ: ಬಂದದ್ದು, ಹೋದದ್ದು, ಉಳಿದದ್ದು. ಹವ್ಯಾಸಕ್ಕೆ ಅಷ್ಟು ಲೆಕ್ಕ ಬೇಡ. ಖಾಲಿಯಾದ ಪೊಟ್ಟಣದ ಚೀಟಿಯನ್ನು ಎಸೆಯದೆ ಡಬ್ಬಿಯ ಮುಂಭಾಗದಲ್ಲಿ ನಿಲ್ಲಿಸಿದರೆ ಅದೇ ಮುಂದಿನ ಖರೀದಿಯ ಪಟ್ಟಿ. ಯಾವ ಚೀಟಿ ವರ್ಷಗಟ್ಟಲೆ ಮುಂದಕ್ಕೆ ಬರುವುದೇ ಇಲ್ಲವೋ ಆ ಕೊಕ್ಕೆಯ ಅಗತ್ಯವಿಲ್ಲ ಎಂದರ್ಥ. ಬೇಕಾದವರಿಗೆ ಕೊಟ್ಟುಬಿಡಬಹುದು, ಚೀಟಿಯ ಸಮೇತ. ಎದುರುಮುಳ್ಳನ್ನು ಇಕ್ಕಳದಿಂದ ಅಮುಕಿ ಮಟ್ಟಮಾಡಿದ ಕೊಕ್ಕೆಗಳು, ಹಿಡಿದ ಮೀನನ್ನು ನೋಯಿಸದೆ ಬಿಡಬೇಕೆನ್ನುವವರು ಬಳಸುವಂಥವು, ಬೇರೆಯೇ ಇರಲಿ. ಬೆರೆತರೆ ಅವನ್ನು ಗುರುತಿಸಲು ಭೂತಗನ್ನಡಿ ಬೇಕಾಗುತ್ತದೆ.

ಉಳಿದದ್ದು ಈಗಾಗಲೇ ಬೆರೆತುಹೋದವುಗಳ ಪ್ರಶ್ನೆ. ಹಳೇ ಮಾತ್ರೆ ಸೀಸೆಯಲ್ಲೋ ಬಿಸ್ಕತ್ತಿನ ಡಬ್ಬಿಯಲ್ಲೋ, ಯಾವುದು ಏನೆಂದು ಯಾರಿಗೂ ಗೊತ್ತಿಲ್ಲದ ಇನ್ನೂರು ಮುನ್ನೂರು ಕೊಕ್ಕೆ ಪ್ರತಿಯೊಬ್ಬರಲ್ಲೂ ಇರುತ್ತದೆ. ಅದನ್ನು ಕಸವೆಂದು ಎಸೆಯುವ ಮೊದಲು ಕಿಟಕಿಯಾಚೆಯ ದಿಬ್ಬಗಳನ್ನು ನೋಡಬಹುದು. ಕೆಜಿಎಫ್ ಗಣಿ 2001ರ ಫೆಬ್ರವರಿ 28ರಂದು ಮುಚ್ಚಿದಾಗ ಅವು ಲೆಕ್ಕಕ್ಕಿಲ್ಲದ ಮಣ್ಣು. 2024ರಲ್ಲಿ ಅಂಥ 13 ದಿಬ್ಬಗಳಲ್ಲಿ ಮತ್ತೆ ಚಿನ್ನ ಹುಡುಕಲು ರಾಜ್ಯ ಸಚಿವ ಸಂಪುಟ ಒಪ್ಪಿತು. ದಿಬ್ಬ ಬದಲಾಗಿರಲಿಲ್ಲ, ಯಾವುದರಲ್ಲಿ ಟನ್ನಿಗೆ ಎಷ್ಟಿದೆ ಎಂಬ ಲೆಕ್ಕ ಸಿಕ್ಕಿತ್ತು. ಕೊಕ್ಕೆಯ ರಾಶಿಗೂ ಇದೇ ಉಪಾಯ. ಒಂದು ಗ್ರಾಫ್ ಹಾಳೆ ಹಾಸಿ, ಪೊಟ್ಟಣದಿಂದ ಆಗತಾನೇ ತೆಗೆದ, ಹೆಸರು ಗೊತ್ತಿರುವ ಕೊಕ್ಕೆಯೊಂದನ್ನು ಇಟ್ಟು, ಪಕ್ಕದಲ್ಲಿ ಅನಾಮಿಕವನ್ನಿಟ್ಟು ದಂಟು, ಬಾಯಿ ಎರಡನ್ನೂ ಚೌಕಗಳಲ್ಲಿ ಎಣಿಸಬೇಕು. ಹೊಂದಿದರೆ ಆ ಹೆಸರಿನ ಮುಂದೊಂದು ಪ್ರಶ್ನಾರ್ಥಕ ಚಿಹ್ನೆ ಹಾಕಿ ಬೇರೆ ಇಡಬೇಕು. ಹೊಂದಿತೆಂದ ಮಾತ್ರಕ್ಕೆ ಮೂಲ ಪೊಟ್ಟಣಕ್ಕೆ ಸುರಿಯಬಾರದು. ಆಮೇಲೆ ಬಾಗನ್ನು ವೈಸ್‌ನಲ್ಲಿ ಬಿಗಿದು, ಕಣ್ಣಿನ ಹತ್ತಿರ ದಂಟನ್ನು ಹೆಬ್ಬೆರಳಿನಿಂದ ಮೀಟಬೇಕು. ಒಳ್ಳೆಯ ಹದದ ಉಕ್ಕು ಟಿಣ್ಣೆಂದು ಮರಳಿ ನೆಟ್ಟಗೆ ನಿಲ್ಲುತ್ತದೆ. ಮೆತ್ತಗಿನದು ಬಾಗಿದಲ್ಲೇ ಉಳಿಯುತ್ತದೆ. ತುಕ್ಕು ತಿಂದದ್ದು ಲಟಕ್ಕನೆ ಮುರಿಯುತ್ತದೆ, ತುಂಡು ಸಿಡಿಯುತ್ತದೆ. ಆದ್ದರಿಂದ ಈ ಕೆಲಸಕ್ಕೆ ಕೂರುವಾಗ ಕನ್ನಡಕ ಇರಲಿ.